ಬ್ಲೂ ಥಿಸಲ್ ಮೇಲಿನ ಗೌರಕ್ಕ

ಸಿಡ್ನಿಯಲ್ಲಿ ನನ್ನ ಮಾನ ಹೋದದ್ದು ಒಂದು ಹೊಗೆಗೂಡಿನ ಮೂಲಕ. ನನ್ನೊಬ್ಬನದೇ ಹೋಗಿದ್ದರೆ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುತ್ತಿದ್ದೆ. ಗೆಳೆಯರಾದ ಮೂರ್ತಿಯದೂ ಅಮೃತನದೂ ಜೊತೆಜೊತೆಗೇ ಹೋದದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಮೂವರ ಮಾನವನ್ನೂ ತೆಗೆದವರು ಧಾರವಾಡದ ಗೌರಕ್ಕ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಂಡದ ವಾಸನೆ ಬಂದರೆ ಮೂಗಿಗೆ ಸೆರಗು. ಇಂಥ ಹೆಂಗಸು ಎಂಟು ವರ್ಷ ಒಂದು ಪಬ್ಬಿನ ನೆತ್ತಿಯ ಮೇಲೆ ಸಂಸಾರ ಮಾಡಿದರು.

ತಪ್ಪೆಲ್ಲ ಆ ಕಟ್ಟಡದ್ದು, ಹಾಗಾಗಿ ಅದರ ಜಾತಕ ಮೊದಲು ಹೇಳಬೇಕು. ಸಿಡ್ನಿಯ ಪಿರ್ಮಾಂಟ್ ಎಂಬ ಬಡಾವಣೆಯಲ್ಲಿ ಹಿಂದೆ ಹಳದಿ ಮರಳುಗಲ್ಲಿನ ಗಣಿಗಳಿದ್ದವು. ಅಲ್ಲಿ ಕಲ್ಲು ಕಡಿಯಲು ಬಂದ ಸ್ಕಾಟ್ಲೆಂಡಿನವರು ಒಳ್ಳೆಯ ಕಲ್ಲು ಸಿಗುವ ಗಣಿಗೆ ಸ್ವರ್ಗ ಎಂದೂ ಕೈ ಸೋಲಿಸುವ ಗಣಿಗೆ ನರಕ ಎಂದೂ ಹೆಸರಿಟ್ಟಿದ್ದರು. ಆ ಕಲ್ಲು ತಂದು ಗ್ಲಾಸ್ಗೋದ ಒಬ್ಬ ಕಂಟ್ರಾಕ್ಟರು ೧೮೮೦ರ ಸುಮಾರಿಗೆ ತನ್ನೂರಿನ ಮಾದರಿಯ ವಠಾರವನ್ನೇ ಇಲ್ಲಿ ಎಬ್ಬಿಸಿದ. ನಾಲ್ಕು ಅಂತಸ್ತು, ಎರಡಡಿ ದಪ್ಪದ ಗೋಡೆ, ಬೀದಿಯ ಕಡೆ ಉಬ್ಬಿದ ಕಿಟಕಿಗಳು. ಇಡ್ಲಿ ಪಾತ್ರೆಯ ತಟ್ಟೆಗಳ ಹಾಗೆ ಒಂದರ ಮೇಲೊಂದು ಒಂದೇ ನಮೂನೆಯ ಮನೆಗಳು. ಪಕ್ಕದಲ್ಲೊಂದು ಕಿರಿದಾದ ಓಣಿ, ಅದರ ಕೊನೆಗೆ ಎಲ್ಲರಿಗೂ ಸೇರಿ ಒಂದೇ ಕಲ್ಲಿನ ಮೆಟ್ಟಿಲು, ನಡುವೆ ಸವೆದು ಬಟ್ಟಲಾದದ್ದು. ಅಡುಗೆಮನೆಯ ಗೋಡೆಯೊಳಗೇ ಹಾಸಿಗೆ ಹಾಕುವಷ್ಟು ದೊಡ್ಡ ಗೂಡು. ತನ್ನೂರಿನ ಚಳಿಯನ್ನು ಮರೆಯಲಾರದ ಆ ಪುಣ್ಯಾತ್ಮ ಬೆವರು ಸುರಿಸುವ ಈ ಊರಿನಲ್ಲೂ ಕೋಣೆಗೊಂದು ಬೆಂಕಿಗೂಡು ಮಾಡಿಸಿ, ಅಷ್ಟಕ್ಕೂ ಹೊಗೆ ಹೋಗುವ ಕೊಳವೆಗಳನ್ನು ಗೋಡೆಯೊಳಗೆ ಎಬ್ಬಿಸಿ, ಮಾಳಿಗೆಯ ಮೇಲೆ ಮಣ್ಣಿನ ಕುಡಿಕೆಗಳನ್ನು ಸಾಲಾಗಿ ನಿಲ್ಲಿಸಿದ್ದ. ನೆಲಮಹಡಿಯಲ್ಲಿ ಪಬ್ಬು. ಅದಕ್ಕೆ ಸ್ಕಾಟ್ಲೆಂಡಿನವರ ಲಾಂಛನವಾದ ಮುಳ್ಳುಹೂವಿನ ಹೆಸರು, ಬ್ಲೂ ಥಿಸಲ್.

ಗೌರಕ್ಕನ ಗಂಡ ಶಿವಬಸಪ್ಪನವರು ಸಿಟಿಯ ಒಂದು ಇಂಜಿನಿಯರಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ, ರೆಂಟ್ ಕಡಿಮೆ, ಕಟ್ಟಡ ಹಳೆಯದು. ಮೂರನೆಯ ಕಾರಣವೇ ಅವರಿಗೆ ಮುಖ್ಯವಾಗಿತ್ತು. ೧೯೯೮ರಲ್ಲಿ ಮೊದಲ ಮಹಡಿಯ ಮನೆಯನ್ನು ಹೆಂಡತಿಗೆ ತೋರಿಸದೆಯೇ ಏಜೆಂಟನ ಮುಂದೆ "ಹೂಂ" ಅಂದುಬಿಟ್ಟರು. ಬಂದಿಳಿದ ಮರುದಿನ, ಸೋಮವಾರ ಬೆಳಗ್ಗೆ, ಲಾರಿಯಿಂದ ಪೀಪಾಯಿಗಳು ಉರುಳುವ ಸದ್ದಾದಾಗ ಗೌರಕ್ಕ ಕಿಟಕಿಯಿಂದ ಬಗ್ಗಿ ನೋಡಿದರು.

"ಕೆಳಗ ಏನ್ ಮಾರತಾರ್ರೀ?"

"ಬೀರು."

ಆ ದಿನ ಗಂಡಹೆಂಡಿರ ನಡುವೆ ನಡೆದ ಮಾತುಕತೆ ಅಷ್ಟೇ. ಗೌರಕ್ಕ ಇದನ್ನು ಹೇಳಿ ನಗುತ್ತಿದ್ದರು, ಆದರೆ ನಗು ಪೂರ್ತಿ ಬರುತ್ತಿರಲಿಲ್ಲ. ಶಿವಬಸಪ್ಪನವರು ಕೆಟ್ಟವರಲ್ಲ. ಬೈದವರಲ್ಲ, ಊಟಕ್ಕೆ ಹೆಸರಿಟ್ಟವರಲ್ಲ. ಆದರೆ ನಮಗೆ ಪರಿಚಯವಾಗುವ ಹೊತ್ತಿಗೆ ಇಪ್ಪತ್ತೆರಡು ವರ್ಷದ ಸಂಸಾರವನ್ನು ಹೆಚ್ಚುಕಡಿಮೆ "ಹೂಂ" ಎಂಬ ಒಂದೇ ಮಾತಿನಲ್ಲಿ ನಡೆಸಿದ್ದರು. ಭಾನುವಾರ ಬಂತೆಂದರೆ ಟೇಪು ಹಿಡಿದು ಕಟ್ಟಡದ ಮೆಟ್ಟಿಲು, ಬಾಗಿಲು, ಗೋಡೆ ಅಳೆಯುವುದು, ಕಾಗದದ ಮೇಲೆ ಒಂದೊಂದು ಕಲ್ಲನ್ನೂ ಬರೆಯುವುದು. ಮಗಳು ನಿಹಾರಿಕಾ ಮೆಲ್ಬರ್ನಿನಲ್ಲಿ ಓದುತ್ತಿದ್ದಳು. ಫೋನಿನಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು "ಲವ್ ಯೂ" ಅಂತ ಇಟ್ಟುಬಿಡುತ್ತಿದ್ದಳು. ಗೌರಕ್ಕ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಚುತ್ತಿದ್ದರು. ಅಲ್ಲಿ ಜೊತೆಗಿದ್ದವರು ವಿಯೆಟ್ನಾಮಿನ ಹೆಂಗಸರು, ಎಲ್ಲವೂ ಕೈಸನ್ನೆ.

ಇನ್ನು ನಮ್ಮ ವಿಚಾರ. ನಾನು ಸುಧನ್ವ, ಮೈಸೂರಿನವನು. ಮೂರ್ತಿ, ಅಮೃತ್ ಇಬ್ಬರೂ ಬೆಂಗಳೂರಿನವರು. ಮೂವರೂ ಗಿರಾವೀನ್‌ನಲ್ಲಿ ಮನೆ ಮಾಡಿ ಸಿಟಿಯಲ್ಲಿ ಕಂಪ್ಯೂಟರ್ ಕುಟ್ಟುತ್ತಿದ್ದೆವು. ಶುಕ್ರವಾರ ಆಫೀಸು ಬಿಟ್ಟ ಮೇಲೆ ಎರಡು ಟ್ರೈನ್ ತಪ್ಪಿಸಿಕೊಂಡು ಒಂದಿಷ್ಟು ಬೀರು ಕುಡಿಯುವ ಪದ್ಧತಿ. ನಮ್ಮ ಸಬರ್ಬಿನ ಕಡೆ ಕುಡಿದರೆ ಯಾವುದಾದರೂ ಆಂಟಿಯ ಕಣ್ಣಿಗೆ ಬೀಳುವುದು ಖಂಡಿತ. ಅದಕ್ಕೇ ೨೦೦೩ರಲ್ಲಿ ಊರೆಲ್ಲ ಹುಡುಕಿ ಬ್ಲೂ ಥಿಸಲನ್ನು ಆರಿಸಿದೆವು. ಸುತ್ತಮುತ್ತ ಕನ್ನಡದವರ ಸುಳಿವಿಲ್ಲ. ಒಳಗೆ ಮರದ ತಡಿಕೆ ಕಟ್ಟಿದ, ನಾಲ್ಕೇ ಜನ ಹಿಡಿಸುವ ಮೂಲೆಯೊಂದಿತ್ತು, ಪಕ್ಕದಲ್ಲಿ ಉರಿ ಹಾಕದೆ ಹೂಕುಂಡ ಇಟ್ಟಿದ್ದ ಹಳೆಯ ಬೆಂಕಿಗೂಡು. ಅಲ್ಲಿ ಕೂತು ಕನ್ನಡದಲ್ಲಿ ಗಂಟಲು ಬಿಚ್ಚುತ್ತಿದ್ದೆವು. ಪರದೇಶದಲ್ಲಿರುವ ಕನ್ನಡಿಗನಿಗೆ ಒಂದು ಭ್ರಮೆ ಇರುತ್ತದೆ, ತನ್ನ ಭಾಷೆಯೇ ತನಗೆ ಬಾಗಿಲು, ಚಿಲಕ, ಬೀಗ ಎಲ್ಲ ಅಂತ. ಎದುರಿಗೆ ಕೂತವನ ಬೊಜ್ಜನ್ನು ಅವನೆದುರಿಗೇ ಹೊಗಳುತ್ತೇವೆ. ಬಾಸನ್ನು ಬೈಯುತ್ತೇವೆ, ಹೆಂಡತಿಗೆ ಹೇಳಿದ ಸುಳ್ಳನ್ನು ಪದಕ ತೋರಿಸುವವರ ಹಾಗೆ ತೋರಿಸುತ್ತೇವೆ.

ಆ ಮೂಲೆಯ ನೇರ ಮೇಲೆ ಗೌರಕ್ಕನ ಅಡುಗೆಮನೆ. ಗೋಡೆಯೊಳಗಿನ ಹಾಸಿಗೆಯ ಗೂಡನ್ನು ಅವರು ತೊಳೆದು, ಬಸವಣ್ಣನ ಪಟವಿಟ್ಟು, ದೇವರ ಜಗಲಿ ಮಾಡಿಕೊಂಡಿದ್ದರು. ಅದರ ಪಕ್ಕದಲ್ಲೇ ಅವರ ಬೆಂಕಿಗೂಡು. ಒಂದು ಶುಕ್ರವಾರ ಸಂಜೆ ಪೂಜೆಗೆ ಕೂತಾಗ ಗೋಡೆಯಿಂದ ಕನ್ನಡ ಕೇಳಿಸಿತು. ದೇವರೇ ಒಲಿದು ಮಾತಾಡಿದ ಅಂತ ಕೈಮುಗಿದರಂತೆ. ದೇವರು "ನನ್ನ ಮ್ಯಾನೇಜರ್ ಒಬ್ಬ ಕತ್ತೆ ಮಗಾ" ಅಂದಾಗ ಅನುಮಾನ ಬಂತಂತೆ. ಬೆಂಕಿಗೂಡಿನೊಳಗೆ ತಲೆ ಹಾಕಿ ಕಿವಿಗೊಟ್ಟರು. ಅಂದಿನಿಂದ ಶುಕ್ರವಾರದ ಪೂಜೆ ಎರಡು ತಾಸು ಹಿಡಿಯತೊಡಗಿತು. ನಗು ಬಂದರೆ ತಲೆ ಹೊರಗೆ ತೆಗೆದು ನಕ್ಕು ಮತ್ತೆ ಒಳಗೆ ಹಾಕುತ್ತಿದ್ದರಂತೆ.

ಅಷ್ಟಕ್ಕೇ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಆದರೆ ಗೌರಕ್ಕನ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಸುದ್ದಿ ಗಣೇಶನ ಹಬ್ಬದಲ್ಲಿ ಬಾಯಿಂದ ಬಾಯಿಗೆ ಹರಡಿ ಗಿರಾವೀನ್ ತಲುಪಿತು. ನನ್ನ ಹೆಂಡತಿ ವಾಸಂತಿ, ಮೂರ್ತಿಯ ಹೆಂಡತಿ ಶಾಂಭವಿ, ಅಮೃತನ ಹೆಂಡತಿ ಪ್ರಾರ್ಥನಾ ಶನಿವಾರ ಒಂದೇ ಕಾರಿನಲ್ಲಿ ರೊಟ್ಟಿಗೆ ಹೋಗತೊಡಗಿದರು. ಆ ರೊಟ್ಟಿ ಯಾವ ಮನೆಯಿಂದ ಬರುತ್ತದೆ ಅಂತ ನಾವು ಗಂಡಸರು ಕೇಳಲಿಲ್ಲ, ಅವರು ಹೇಳಲೂ ಇಲ್ಲ. "ನಿಮ್ಮ ಮನಿಯವರ ಹೆಸರೇನವ್ವಾ?" ಅಂತ ಗೌರಕ್ಕ ಸಹಜವಾಗಿ ಕೇಳಿದರು. ಮೂರು ಹೆಸರು ಕಿವಿಗೆ ಬಿದ್ದದ್ದೇ ತಡ, ಅವರೊಳಗಿದ್ದ ತುಂಟಿ ಸೆರಗು ಕಟ್ಟಿ ಎದ್ದಳು. ತಟ್ಟೆಯಲ್ಲಿ ಜೋಳದ ಕಾಳು ಹರಡಿ, ಕಣ್ಣು ಅರ್ಧ ಮುಚ್ಚಿ, "ನಿಮ್ಮ ಮನಿಯವರು ನಿನ್ನಿ ತಡಾ ಆಗಿ ಬಂದ್ರು ಹೌದಿಲ್ಲೋ?" ಎಂದು ಕಣಿ ಶುರು ಮಾಡಿದರು.

ಆ ಶನಿವಾರ ವಾಸಂತಿ ರೊಟ್ಟಿಯ ಗಂಟನ್ನು ಟೇಬಲ್ಲಿನ ಮೇಲಿಟ್ಟು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

"ಸರ್ವರ್ ಡೌನ್ ಆಗಿತ್ತು ಅಂದ್ರಲ್ಲ, ಸರಿಹೋಯ್ತಾ?"

"ಹೂಂ, ಹೇಗೋ ಫಿಕ್ಸ್ ಮಾಡಿದೆ."

"ಬೆಣ್ಣೆ ಸುರಿಯೋ ಎರಡು ಪೈ ತಿಂದು ಫಿಕ್ಸ್ ಮಾಡಿದ್ರಂತೆ. ಡಾಕ್ಟ್ರು ಕೊಲೆಸ್ಟರಾಲ್ ಅಂದಿದ್ದು ನಿಮ್ಗಾ, ಸರ್ವರ್‌ಗಾ?"

ಮರುವಾರ ಅಮೃತನ ಸರದಿ. ಭಾವಮೈದುನ ಪ್ರೀತಿಯಿಂದ ಕೊಟ್ಟ, ಗಂಟೆಗೊಮ್ಮೆ ಹಾಡುವ ಗೋಡೆ ಗಡಿಯಾರ ಮನೆ ಬದಲಿಸುವಾಗ ಒಡೆದುಹೋಯಿತು ಅಂತ ಅವನು ಹೆಂಡತಿಗೆ ಹೇಳಿದ್ದ. ನಿಜಕ್ಕೂ ಹಳೆ ಸಾಮಾನಿನ ಧರ್ಮದಂಗಡಿಗೆ ಕೊಟ್ಟು ಬಂದಿದ್ದ. ಪ್ರಾರ್ಥನಾ ಆ ಅಂಗಡಿಗೇ ಹೋಗಿ ಗಡಿಯಾರವನ್ನು ಕೊಂಡು ತಂದು ಅವನ ತಲೆದಿಂಬಿನ ಮೇಲ್ಗಡೆ ತೂಗುಹಾಕಿದಳು. ಮೂರ್ತಿಯದು ಇನ್ನೂ ದೊಡ್ಡದು. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಸೈಟು ತೆಗೆದುಕೊಳ್ಳಲು ಗುಟ್ಟಾಗಿ ಹೆಸರು ಬರೆಸಿ, ಎಲ್ಲ ಮುಗಿದ ಮೇಲೆ ಹೆಂಡತಿಗೆ ಹೇಳುವ ಯೋಚನೆ ಅವನದು. ಶಾಂಭವಿ ಊಟಕ್ಕೆ ಬಡಿಸುತ್ತ, "ಪಾಯಿಂಟ್ ಕುಕ್ ಕಡೆ ಗಾಳಿ ಜಾಸ್ತಿಯಂತೆ ಕಣ್ರೀ. ಒಬ್ರೇ ಇರ್ತೀರಲ್ಲ, ಸ್ವೆಟರ್ ತಗೊಂಡ್ಹೋಗಿ" ಅಂದಳು. ಸೈಟಿನ ಮಾತು ಅಲ್ಲಿಗೇ ಮಣ್ಣಾಯಿತು.

ನಮ್ಮೊಳಗೇ ಒಬ್ಬ ವಿಭೀಷಣನಿದ್ದಾನೆ ಅಂತ ಮೂವರಿಗೂ ಖಾತ್ರಿಯಾಯಿತು. ಅಮೃತ್ ಜಾಣ. ನನಗೊಂದು ಸುಳ್ಳು, ಮೂರ್ತಿಗೆ ಬೇರೊಂದು ಸುಳ್ಳು ಬೇರೆಬೇರೆಯಾಗಿ ಹೇಳಿ, ಯಾವುದು ಮನೆ ಮುಟ್ಟುತ್ತದೆ ನೋಡೋಣ ಅಂತ ಬಲೆ ಬೀಸಿದ. ಎರಡೂ ಮುಟ್ಟಿದವು. ಎರಡನ್ನೂ ಅವನು ಹೇಳಿದ್ದು ಅದೇ ಬೆಂಕಿಗೂಡಿನ ಪಕ್ಕದಲ್ಲಿ. ಇಬ್ಬರೂ ದ್ರೋಹಿಗಳು ಅಂತ ತೀರ್ಮಾನಿಸಿ ಅವನು ಒಂದು ತಿಂಗಳು ಟೂ ಬಿಟ್ಟ. ಆಮೇಲೆ ಬೀರು ಒಬ್ಬನೇ ಕುಡಿಯುವುದು ಬೇಜಾರಾಗಿ ತಾನೇ ವಾಪಸ್ ಬಂದ.

ಹೀಗೆ ಮೂರು ವರ್ಷ ನಡೆಯಿತು. ೨೦೦೬ರ ಕೊನೆಗೆ ಕಟ್ಟಡದ ಮಾಲೀಕರು ಹಳೆಯ ಕಲ್ಲುಗಳ ದುರಸ್ತಿಗೆ ಐಲ್ಸಾ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದರು. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲೇ. ಸವೆದ ಮೆಟ್ಟಿಲು ಕಂಡು ಅಜ್ಜಿಮನೆಗೆ ಬಂದ ಹಾಗಾಯಿತು ಎಂದಳಂತೆ ಆ ತಾಯಿ. ಶಿವಬಸಪ್ಪನವರು ಏನೂ ಮಾತಾಡದೆ ಎಂಟು ವರ್ಷದ ಭಾನುವಾರಗಳನ್ನು ಸುರುಳಿ ಬಿಚ್ಚಿ ಅವಳ ಮುಂದೆ ಹರಡಿದರು. ಕಟ್ಟಡವನ್ನು ಕಲ್ಲಂಗಡಿಯ ಹಾಗೆ ನಡುವೆ ಸೀಳಿ ಒಳಗನ್ನು ತೋರಿಸುವ ಚಿತ್ರ. ನೆಲದ ತೊಲೆಗಳು, ಗೋಡೆಯ ಗೂಡುಗಳು, ಗೋಡೆಯೊಳಗೆ ಪಕ್ಕಪಕ್ಕದಲ್ಲಿ ಏರುವ ಹೊಗೆಕೊಳವೆಗಳು, ಎಲ್ಲ ಇದ್ದವು. ಐಲ್ಸಾ ಬಾಯಿ ಬಿಟ್ಟುಕೊಂಡು ನೋಡಿದಳು. ಒಂದು ಕಡೆ ಕೆಂಪು ಪೆನ್ಸಿಲಿನ ಸುತ್ತು ಇತ್ತು. ಪಬ್ಬಿನ ಕೊಳವೆಗೂ ಮೊದಲ ಮಹಡಿಯ ಅಡುಗೆಮನೆಯ ಕೊಳವೆಗೂ ನಡುವೆ ಇದ್ದ ತೆಳುಗೋಡೆ ಅಲ್ಲಿ ಉದುರಿಹೋಗಿತ್ತು. ಕೆಳಗೆ ಯಾರಾದರೂ ಉರಿ ಹಾಕಿದರೆ ಹೊಗೆ ನೇರ ಮೇಲಿನವರ ಮೂಗಿಗೆ. ಇದು ಅಪಾಯ, ತಕ್ಷಣ ಮುಚ್ಚಬೇಕು ಅಂತ ಐಲ್ಸಾ ಬರೆದುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಶಿವಬಸಪ್ಪನವರು ಹೆಮ್ಮೆಯಿಂದ ಎರಡು ಪೂರ್ತಿ ವಾಕ್ಯ ಆಡಿದರಂತೆ. "ಬರೂ ಸೋಮವಾರ ಬಿಟ್ಟು ಆಚಿ ಸೋಮವಾರ ಗವಂಡಿ ಬರ್ತಾನ. ಒಲಿ ಒಳಗಿನ ತೂತು ಮುಚ್ಚತಾನ." ಗೌರಕ್ಕನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಆ ಶುಕ್ರವಾರ ನಾವು ಮೂವರು ನಮ್ಮ ಮೂಲೆಯಲ್ಲಿದ್ದೆವು. ಬಾಗಿಲು ತೆರೆದುಕೊಂಡು ಇಳಕಲ್ ಸೀರೆಯುಟ್ಟ ಒಬ್ಬರು, ಮೂಗಿಗೆ ಸೆರಗು ಹಿಡಿದು, ಬಿಸಿ ಕೆಂಡ ತುಳಿಯುವವರಂತೆ ಒಳಗೆ ಬಂದರು. ಬ್ಲೂ ಥಿಸಲಿನ ಕತ್ತುಗಳೆಲ್ಲ ಬಾಗಿಲ ಕಡೆ ತಿರುಗಿದವು. ಅವರು ಸೀದಾ ನಮ್ಮತ್ತ ನಡೆದು ನಾಲ್ಕನೆಯ ಕುರ್ಚಿ ಎಳೆದುಕೊಂಡರು.

"ಕೂಡ್ಲೇನ್ರಿ ತಮ್ಮಾ? ನಾ ಗೌರಕ್ಕ, ರೊಟ್ಟಿ ಗೌರಕ್ಕ. ಇದರ ಮ್ಯಾಲ ಇರ್ತೀನಿ."

ನಾವು ಗ್ಲಾಸುಗಳನ್ನು ಟೇಬಲ್ಲಿನ ಕೆಳಗೆ ಅಡಗಿಸಿದೆವು. ಏನು ಕೊಡಲಿ ಅಂತ ಕೇಳಿದ ಪಬ್ಬಿನವನಿಗೆ ಅವರು "ಟೀ" ಅಂದರು. ಅವನು ತಲೆ ಕೆರೆದುಕೊಂಡು ಮಾಡಿ ತಂದ. ಆಮೇಲೆ ಗೌರಕ್ಕ ಎಲ್ಲ ಹೇಳಿದರು. ಜಗಲಿ, ಬೆಂಕಿಗೂಡು, ಜೋಳದ ಕಾಳು, ಒಂದನ್ನೂ ಮುಚ್ಚಿಡಲಿಲ್ಲ. ಮೂರು ವರ್ಷದಲ್ಲಿ ನಾವು ಆಡಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿ, ತಿರುವಿ ಹಾಕಬಾರದಿತ್ತು ಅನಿಸಿತು.

"ಹಂಗಾದ್ರೆ ಆ ಗಡಿಯಾರ?" ಅಂದ ಅಮೃತ್.

"ಹಾಡೂ ಗಡಿಯಾರ ಯಾರರ ಕೊಟ್ಟ ಬರ್ತಾರೇನೋ ಹುಚ್ಚಪ್ಪಾ?"

ಮೂರ್ತಿಗೆ ಸಿಟ್ಟು ನೆತ್ತಿಗೇರಿತ್ತು. ಪಾಯಿಂಟ್ ಕುಕ್ ಕಳೆದುಕೊಂಡವನು ಅವನು. "ಇದು ಸರೀನಾ ಮೇಡಂ? ಕದ್ದು ಕೇಳೋದು? ಪ್ರೈವೆಸಿ ಅನ್ನೋದೊಂದು ಇರುತ್ತಲ್ವಾ?"

"ನೀವು ಒದರೂದು ನನ್ನ ಅಡಗಿಮನ್ಯಾಗ್ರಿ. ನನ್ನ ಕಿವಿ ತಗದು ನಾ ಎಲ್ಲಿಡ್ಲಿ?"

ಗೌರಕ್ಕ ತೂತು ಮುಚ್ಚುವ ಸುದ್ದಿ ಹೇಳಿ, ಅದು ಬೇಡವೆಂದು ಐಲ್ಸಾಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಡಿ ಅಂತ ಕೇಳಿಕೊಂಡರು. ಮೂರ್ತಿ ಕುರ್ಚಿಯಿಂದ ಅರ್ಧ ಎದ್ದ. "ಮುಚ್ಲಿ ಬಿಡಿ! ಇವತ್ತೇ ಮುಚ್ಲಿ! ಬೇಕಾದ್ರೆ ಸಿಮೆಂಟ್ ನಾನೇ ಹೊತ್ಕೊಂಡು ಬರ್ತೀನಿ!"

ಗೌರಕ್ಕ ಸೆರಗನ್ನು ಮೂಗಿನಿಂದ ತೆಗೆದರು. "ಮುಚ್ಚಿದ್ರ ನನ್ನ ಜೋಡಿ ಯಾರು ಮಾತಾಡ್ತಾರ್ರಿ? ಮಗಳು ಇಂಗ್ಲಿಷು. ಕೆಲಸದಾಗ ಕೈಸನ್ನಿ. ನಿಮ್ಮ ಹೆಂಡ್ರು ರೊಟ್ಟಿಗೆ ಬರ್ತಾರ, ಕಾರು ನಡುರಸ್ತೆದಾಗ ನಿಲ್ಲಿಸಿ ಬಂದಿರ್ತಾರ, ಹತ್ತ ನಿಮಿಷದಾಗ ಓಡ್ತಾರ. ಮನಿಯವರು ಹೂಂ ಅಂತಾರ. ವಾರಕ್ಕ ಎರಡು ತಾಸು ನೀವು. ಖರೇ ಹೇಳ್ತೀನಿ, ನೀವು ಆಡೂದು ಅಂಥಾ ಚಲೋ ಮಾತೇನೂ ಅಲ್ಲ. ಆದ್ರ ಕನ್ನಡ ಇರ್ತೈತಿ."

ಮೂರ್ತಿ ಕೂತ. ಚೀಟಿ ಬರೆಯಲು ಪೆನ್ನು ತೆಗೆದುಕೊಟ್ಟವನೂ ಅವನೇ. ನನಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಅವತ್ತೇ ಐಲ್ಸಾಗೆ ಕಾಗದ ಬರೆದೆವು. ಅವಳ ಉತ್ತರ ಬುಧವಾರ ಬಂತು, ಮರುಕದಿಂದಲೇ ಬಂತು. ಬೆಂಕಿಯ ಕಾನೂನನ್ನು ಮೀರುವ ಹಾಗಿಲ್ಲ, ತೂತು ಮುಚ್ಚಲೇಬೇಕು ಎಂದಿದ್ದಳು.

ನಾನು ಕಲ್ಲಿನ ಮೆಟ್ಟಿಲು ಹತ್ತಿ ಹೋಗಿ ಶಿವಬಸಪ್ಪನವರನ್ನು ಹಿಡಿದೆ. ಗೌರಕ್ಕ ಕೆಲಸಕ್ಕೆ ಹೋಗಿದ್ದರು. "ಸರ್, ನೀವು ಕೆಂಪು ಸುತ್ತು ಹಾಕಿದ್ರಲ್ಲ, ಅದು ಬರೀ ತೂತಲ್ಲ. ನಿಮ್ಮ ಮನೆಯವರಿಗೆ ಇರೋ ಒಂದೇ ಜೊತೆ ಅದು" ಅಂತ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದರು. ಕೊನೆಗೆ "ಹೂಂ" ಅಂದರು. ಗೋಡೆಗೆ ಒರಗಿಸಿದ್ದ, ನಕ್ಷೆಗೆ ಗೆರೆ ಎಳೆಯುವ ಅವರ ಟೀ-ಸ್ಕ್ವೇರ್ ಎತ್ತಿ ಅವರ ತಲೆಗೇ ಇಕ್ಕೋಣ ಅನಿಸಿತು. ಇಕ್ಕದೆ ಇಳಿದು ಬಂದೆ.

ಕೊನೆಯ ಶುಕ್ರವಾರ ಬಂತು. ಡಿಸೆಂಬರಿನ ಸಂಜೆ, ಆರು ಗಂಟೆಗೂ ಬಿಸಿಲು ಕಿಟಕಿಯಲ್ಲಿ ಧಗಧಗ ಅನ್ನುತ್ತಿತ್ತು. ಗೌರಕ್ಕನಿಗಾಗಿ ಹೊಟ್ಟೆ ತುಂಬ ಮಾತಾಡಬೇಕು ಅಂತ ನಿಶ್ಚಯಿಸಿ ಬಂದಿದ್ದೆವು. ಕೂತ ಮೇಲೆ ಒಬ್ಬನ ಬಾಯಿಂದಲೂ ಮಾತು ಹೊರಡಲಿಲ್ಲ. ಮೇಲೆ ಕಿವಿ ಇದೆ ಅಂತ ಗೊತ್ತಾದ ಮೇಲೆ ನಾಲಿಗೆ ಒಣಗಿಹೋಗಿತ್ತು. ಮೂರ್ತಿ ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯವರ ಗತ್ತಿನಲ್ಲಿ, ಈ ಬೇಸಿಗೆಯ ತಾಪಮಾನದ ಬಗ್ಗೆ ಶುರು ಮಾಡಿದ.

ಬೆಂಕಿಗೂಡಿನೊಳಗಿಂದ ದನಿ ಬಂತು. "ಮೂರ್ತಿ, ಹವಾಮಾನ ನಾ ಟೀವ್ಯಾಗ ನೋಡ್ತೀನಿ. ನೀ ಬ್ಯಾರೆ ಹೇಳು."

ಪಬ್ಬಿನವನ ಕೈಯಿಂದ ಒರೆಸುವ ಬಟ್ಟೆ ಬಿತ್ತು. ಮುದುಕನೊಬ್ಬ ತನ್ನ ಗ್ಲಾಸನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ. ನಮಗೆ ನಗು ತಡೆಯಲಾಗಲಿಲ್ಲ, ಮೇಲೂ ನಗು ಕೇಳಿಸಿತು. ಆಮೇಲೆ ಕಟ್ಟೆಯೊಡೆದ ಹಾಗೆ ಮಾತು. ಅಮೃತ್ ತನ್ನ ಭಾವಮೈದುನನನ್ನು ಅಣಕಿಸಿದ. ನಾನು ಪೈ ತಿನ್ನುತ್ತಿರುವುದನ್ನು ಧೈರ್ಯವಾಗಿ ಒಪ್ಪಿಕೊಂಡೆ. ಗೌರಕ್ಕ ಮೇಲಿನಿಂದ ತಿದ್ದುತ್ತ, ಚುಚ್ಚುತ್ತ, "ಅದು ಹೋದ ಸಲಾ ಬ್ಯಾರೆ ಥರಾ ಹೇಳಿದ್ದಿ" ಅಂತ ಹಿಡಿದುಹಾಕುತ್ತ ಇದ್ದರು.

ಆಗ ಬಾಗಿಲಲ್ಲಿ ಶಿವಬಸಪ್ಪನವರು ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಶರ್ಟು, ವಿಭೂತಿ, ಕೈಯಲ್ಲಿ ಲೆಮನೇಡಿನ ಗ್ಲಾಸು. ಜೀವಮಾನದಲ್ಲಿ ಮೊದಲ ಸಲ ಪಬ್ಬಿನೊಳಗೆ ಕಾಲಿಟ್ಟ ಮನುಷ್ಯ ನಮಗೆ ಸುಮ್ಮನಿರಿ ಅಂತ ಕೈ ಮಾಡಿ, ಹೂಕುಂಡವನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ತಲೆಯನ್ನು ಬೆಂಕಿಗೂಡಿನೊಳಗೆ ಹಾಕಿದರು.

"ಗೌರೀ."

ಮೇಲಿನ ನಗು ಕತ್ತರಿಸಿದ ಹಾಗೆ ನಿಂತಿತು.

"ತೂತು ಒಡದೈತಿ ಅಂತ ಬರದವ ನಾನ. ಅದು ಬರೀಬೇಕಾಗಿತ್ತು. ಹೊಗಿ ಬಂದ್ರ ನೀ ಮ್ಯಾಲ ಇರ್ತಿ." ತಲೆಯನ್ನು ಇನ್ನಷ್ಟು ಒಳಗೆ ತೂರಿಸಿದರು. "ಮಾರಿ ನೋಡಿದ್ರ ನನಗ ಮಾತ ಬರಾಂಗಿಲ್ಲ ಗೌರೀ. ಗೋಡಿ ನೋಡಿ ಹೇಳೂದು ಸಸಾರ ಐತಿ. ಶುಕ್ರವಾರಕ್ಕೊಮ್ಮೆ ನೀ ಒಲಿ ಮುಂದ ಕುಂತು ನಗತಿದ್ದಿ. ನಾ ಆಚಿ ಖೋಲ್ಯಾಗ ಪೆನ್ಸಿಲ್ ಕೆಳಗಿಟ್ಟು ನಿನ್ನ ನಗಿ ಕೇಳ್ತಿದ್ದೆ. ಯಾಕ ನಗತಿ ಅಂತ ಒಂದ ಸಲಾನೂ ಕೇಳಲಿಲ್ಲ. ಕೇಳಬೇಕಿತ್ತು. ಇನ್ನ ಮ್ಯಾಲ ಕೇಳ್ತೀನಿ."

ನಾವು ಮೂವರೂ ನೆಲ ನೋಡುತ್ತ ಕೂತೆವು. ಮೇಲಿನಿಂದ ಮೂಗು ಎಳೆದ ಸದ್ದೊಂದು ಮಾ‍ತ್ರ ಬಂತು. ಆಮೇಲೆ ಬಳೆಯ ಸದ್ದು, ಗಂಟಲು ಸರಿಮಾಡಿಕೊಂಡ ಸದ್ದು.

ಅವರ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರೆಲ್ಲ ಸುತ್ತುವರಿದು ಕಾಡಿದರೆ ಒಂದು ಪದ್ಯ ಕಟ್ಟಿ ಅದರ ಕೊನೆಗೆ ಹೆಸರು ಸೇರಿಸುತ್ತಾರೆ. ಅದಕ್ಕೆ ಒಡಪು ಅನ್ನುತ್ತಾರೆ. ಇಲ್ಲಿ ಕಾಡುವವರು ಯಾರೂ ಇರಲಿಲ್ಲ. ಗೌರಕ್ಕ ತಾವಾಗಿಯೇ, ಇಡೀ ಬ್ಲೂ ಥಿಸಲ್ ಕೇಳುವ ಹಾಗೆ, ಒಡಪು ಹಾಕಿದರು:

"ಕಲ್ಲಿನ ಮನಿ ಮ್ಯಾಲ ಮಣ್ಣಿನ ಚಿಮಣಿ,
ಹೊಗಿ ಬರೂ ದಾರ್ಯಾಗ ಬಂತು ಮಾತಿನ ಗಿಣಿ,
ಮನ್ಯಾಗ ಇಪ್ಪತ್ತೆರಡು ವರ್ಷ ಕುಂತ್ರು ಗಪ್ಪ,
ಬೀರಿನ ಅಂಗಡ್ಯಾಗ ಬಾಯಿ ಬಿಟ್ರು ಶಿವಬಸಪ್ಪ!"

ಅರ್ಥವಾಗದಿದ್ದರೂ ಪಬ್ಬಿನವರೆಲ್ಲ ಚಪ್ಪಾಳೆ ತಟ್ಟಿದರು. ಶಿವಬಸಪ್ಪನವರು ತಲೆ ಹೊರಗೆ ತೆಗೆದಾಗ ಮುಖವೆಲ್ಲ ನೂರಿಪ್ಪತ್ತು ವರ್ಷದ ಮಸಿ, ಮಸಿಯ ನಡುವೆ ಹೊಸ ಮದುಮಗನ ನಾಚಿಕೆ. ಲೆಮನೇಡನ್ನು ಹಾಗೇ ಬಿಟ್ಟು ಓಣಿಯ ಕಡೆ ಓಡಿದರು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ ಸದ್ದು, ಬಾಗಿಲು ತೆರೆದ ಸದ್ದು, ಎಲ್ಲ ಬೆಂಕಿಗೂಡಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮೇಲೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮೂರ್ತಿ ಆಗಲೇ ಹೂಕುಂಡದ ಪಕ್ಕ ಬಗ್ಗಿ ಕಿವಿ ಒಡ್ಡಿದ್ದ. ನಾನು ಅವನ ಕಾಲರ್ ಹಿಡಿದು ದರದರನೆ ಎಳೆದುಕೊಂಡು ಸ್ಟೇಷನ್ನಿನ ದಾರಿ ಹಿಡಿದೆ.